ಏಳು ನಿಮಿಷ ಮುಂದಿನ ಗಡಿಯಾರ

ಮಾನ್ಯ ಅಧ್ಯಕ್ಷರೇ, ನನ್ನನ್ನು ಹೊಗಳಿ ಹೊಗಳಿ ನನಗೇ ನನ್ನ ಗುರುತು ಸಿಗದಂತೆ ಮಾಡಿದ ಮುಖ್ಯ ಅತಿಥಿಗಳೇ, ನಮ್ಮ ಗುಪ್ತಚರ ಇಲಾಖೆಯ ಹಿರಿಯರೇ, ಕಿರಿಯರೇ, ಅಂಚೆ ಕಚೇರಿಯ ಸ್ಫೋಟದಲ್ಲಿ ತೀರಿಕೊಂಡ ನನ್ನ ಗೆಳೆಯನ ಪತ್ನಿಯವರೇ, ಸಭಿಕರೇ,

ಬೇಗ ಮುಗಿಸಿ ಎಂದು ನಿರೂಪಕರು ಆಗಲೇ ಒಂದು ಚೀಟಿ ಕಳಿಸಿದರು. ಅದರ ಹಿಂಬದಿಯಲ್ಲೇ ಒಂದು ಸಾಲು ಬರೆದು ಅಧ್ಯಕ್ಷರಿಗೆ ದಾಟಿಸಿದ್ದೇನೆ. ಇವತ್ತು ನನ್ನ ನಿವೃತ್ತಿಯ ದಿನ, ಸ್ವಲ್ಪ ಉದ್ದ ಮಾತಾಡುತ್ತೇನೆ, ಸಹಿಸಿಕೊಳ್ಳಿ. ಬಾಯಿ ಮುಚ್ಚಿಕೊಂಡಿರುವುದಕ್ಕೇ ಮೂವತ್ತು ವರ್ಷ ಸಂಬಳ ತೆಗೆದುಕೊಂಡವನು ನಾನು.

ಸ್ವಂತ ದೇಶದ ಜನರ ನಡುವೆಯೇ ಬಾಂಬಿಡಲು ಹೊರಟಿದ್ದ ಆ ಗುಂಪಿನ ಕಥೆ ನಿಮಗೆಲ್ಲ ಗೊತ್ತು. ಕೆಳಗೆ ಗಡಿಯಾರ ರಿಪೇರಿ ಅಂಗಡಿ, ಮೇಲೊಂದು ಕೋಣೆ, ಕೋಣೆಯಲ್ಲಿ ಉದ್ದನೆಯ ಮೇಜು. ನಾನು ನಾಲ್ಕು ವರ್ಷ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಅಲ್ಲಿ ರಿಪೇರಿ ಕೆಲಸ ಮಾಡಿದೆ. ಕಳ್ಳವೇಷವಾದರೂ ಕೆಲಸ ಚೆನ್ನಾಗಿಯೇ ಕಲಿತೆ. ನಿಮ್ಮಲ್ಲಿ ಕೆಲವರ ವಾಚು ಈಗಲೂ ನಾನೇ ನೋಡಿಕೊಡುವುದು, ಅದಕ್ಕೇ ಸಭೆ ಇಷ್ಟು ತುಂಬಿದೆ ಎಂದುಕೊಂಡಿದ್ದೇನೆ.

ಆ ಮನೆಗೊಂದು ಪದ್ಧತಿಯಿತ್ತು. ಇದನ್ನು ನಾನು ಯಾವ ವರದಿಯಲ್ಲೂ ಬರೆದಿಲ್ಲ. ಮೇಲೆ ಹತ್ತಿ ಬಂದವರು ವಾಚು ಬಿಚ್ಚಿ ಕೊಡಬೇಕು. ಎಲ್ಲವನ್ನೂ ಏಳು ನಿಮಿಷ ಮುಂದಕ್ಕೆ ತಿರುಗಿಸಿ ವಾಪಸು ಕೊಡುತ್ತಿದ್ದರು. ಆರು ಗಂಟೆಗೆ ಸಭೆ ಎಂದರೆ ಊರಿನ ಗಡಿಯಾರದಲ್ಲಿ ಆರಕ್ಕೆ ಏಳು ನಿಮಿಷ ಕಡಿಮೆ. ಸರಿಯಾದ ಹೊತ್ತಿಗೆ ಬಾಗಿಲು ತಟ್ಟಿದವನು ಹೊರಗಿನವನು ಎಂದೇ ಅರ್ಥ.

ವಾಚುಗಳನ್ನು ತಿರುಗಿಸುತ್ತಿದ್ದವರು ಯಾರು? ಅಂಗಡಿಯ ಯಜಮಾನನಲ್ಲ, ಅವನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಮೊದಲ ದಿನ ಕೈ ಚಾಚಿ, “ವಾಚು ಕೊಡು ತಮ್ಮಾ, ನೀನಿನ್ನೂ ಹೊರಗಿನ ಗಂಟೆಯಲ್ಲೇ ಇದೀಯ” ಎಂದಳು. ಮೇಜಿನ ಸುತ್ತ ಗಂಡಸರು ಕಿತ್ತಾಡುತ್ತಿದ್ದರು, ಅವಳು ಚಹಾ ಕೊಡುತ್ತಿದ್ದಳು. ಅವಳು ಬಟ್ಟಲು ಎತ್ತಲು ಶುರು ಮಾಡಿದಳೆಂದರೆ ಮಾತು ಮುಗಿಯಿತು, ತೀರ್ಮಾನ ಆಯಿತು. ನನಗೆ ಜ್ವರ ಬಂದು ಒಂಬತ್ತು ದಿನ ಮಲಗಿದಾಗ ಚಹಾಕ್ಕೆ ಸಕ್ಕರೆ ಬಿಟ್ಟು ಚಿಟಿಕೆ ಉಪ್ಪು ಹಾಕಿ ಕುಡಿಸಿದಳು. ಹೆತ್ತ ತಾಯಿಯೂ ನನ್ನ ತಲೆದೆಸೆಯಲ್ಲಿ ಅಷ್ಟು ಹೊತ್ತು ಕೂತಿರಲಿಲ್ಲ.

ಕೊನೆಗೆ ವರದಿ ಬರೆಯುವ ದಿನ ಬಂತು. ಗುಂಪಿನಲ್ಲಿ ಐವರು ಎಂದು ಬರೆದೆ. ಹೆಂಡತಿ ಚಹಾ ತರುವವಳು, ಏನೂ ತಿಳಿಯದವಳು ಎಂದು ಬರೆದೆ. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇಲಾಖೆ ಯಾಕೆ ನಂಬಿತು? ಚಹಾ ತರುವವಳನ್ನು ಲೆಕ್ಕಕ್ಕೆ ಹಿಡಿಯುವ ಅಭ್ಯಾಸ ನಮಗ್ಯಾರಿಗೂ ಇರಲಿಲ್ಲ.

ಆ ಐವರು ಜೈಲಿನಲ್ಲಿದ್ದಾಗಲೇ ಅಂಚೆ ಕಚೇರಿ ಸಿಡಿಯಿತು, ಆರಕ್ಕೆ ಏಳು ನಿಮಿಷ ಇರುವಾಗ. ಇದೆಂಥ ಹೊತ್ತು ಎಂದು ಇಡೀ ಇಲಾಖೆ ತಲೆ ಕೆಡಿಸಿಕೊಂಡಿತು. ಅದು ಯಾರ ಆರು ಗಂಟೆ ಎಂದು ನನಗೊಬ್ಬನಿಗೇ ತಿಳಿಯಿತು. ಆದರೂ ವರದಿ ತಿದ್ದಲಿಲ್ಲ. ತಾಯೀ, ನಿಮ್ಮ ಗಂಡ ತೀರಿಕೊಂಡಾಗ ಮನೆಗೆ ಬಂದು ಸಮಾಧಾನ ಹೇಳಿದವನು ಇದೇ ಬಾಯಿ ಇಟ್ಟುಕೊಂಡು ಬಂದಿದ್ದ. ಕ್ಷಮೆ ಕೇಳುವ ಯೋಗ್ಯತೆಯೂ ನನಗಿಲ್ಲ.

ಇವತ್ತೇಕೆ ಹೇಳುತ್ತಿದ್ದೇನೆ? ಉಡುಗೊರೆಗಳ ನಡುವೆ ಈ ಮೇಜುಗಡಿಯಾರ ಬಂದಿದೆ, ಕೊಟ್ಟವರ ಹೆಸರಿಲ್ಲ. ಬಂದ ಕೂಡಲೇ ನಾನು ಅದರ ಬೆನ್ನು ಬಿಚ್ಚಿ ನೋಡಿದಾಗ ನೀವೆಲ್ಲ ನಕ್ಕಿರಿ. ಹೆದರಬೇಡಿ, ಒಳಗೆ ಹಲ್ಲುಚಕ್ರಗಳು, ಒಂದು ಸೆಲ್ಲು, ಅಷ್ಟೇ. ಆದರೆ ಗೋಡೆಯ ಗಡಿಯಾರ ನೋಡಿ, ಇದನ್ನು ನೋಡಿ. ಇದು ಏಳು ನಿಮಿಷ ಮುಂದಿದೆ.

ಆಮೇಲೆ ಚಹಾ ಬಂತು. ನಿಮ್ಮ ಬಟ್ಟಲಿನಲ್ಲಿ ಸಕ್ಕರೆ ಇತ್ತಲ್ಲವೇ? ನನ್ನದರಲ್ಲಿ ಉಪ್ಪಿತ್ತು.

ಬಾಗಿಲಲ್ಲಿ ನೀವೆಲ್ಲ ಗುರುತಿನ ಚೀಟಿ ತೋರಿಸಿ ಒಳಗೆ ಬಂದಿರಿ. ಕೆಟಲ್ ಹಿಡಿದು ಬಂದವಳನ್ನು ಯಾರಾದರೂ ಕೇಳಿದರೇ? ನಿಮಗೆ ಚಹಾ ಕೊಟ್ಟವಳ ಮುಖ ಹೇಗಿತ್ತು, ಒಬ್ಬರಾದರೂ ಹೇಳುತ್ತೀರಾ? ಇಷ್ಟು ಹೊತ್ತೂ ನಿಮ್ಮ ಬೆನ್ನ ಹಿಂದೆ ಬಟ್ಟಲುಗಳ ಸದ್ದು ಕೇಳುತ್ತಿತ್ತು. ಈಗ ನಿಂತಿದೆ.

ತಿರುಗಬೇಡಿ, ದಯವಿಟ್ಟು.

ಗಡಿಯಾರದ ಮಾತು ಎತ್ತಿದಾಗಲೇ ಅವಳು ಹೊರಟುಹೋಗಬಹುದಿತ್ತು. ಹೋಗಿಲ್ಲ. ಬೀಳ್ಕೊಡಲು ಬಂದಳೋ, ಕರೆದೊಯ್ಯಲು ಬಂದಳೋ ನನಗೆ ತಿಳಿಯದು. ನನಗೆ ಭಯವಾಗಿದೆ. ಅವಳು ಬದುಕಿದ್ದಾಳೆ ಎಂದು ಸಂತೋಷವೂ ಆಗಿದೆ, ಆ ಸಂತೋಷಕ್ಕೆ ನಾಚಿಕೆಯೂ ಆಗುತ್ತಿದೆ.

ಅಕ್ಕಾ, ಆ ಚೀಟಿಯ ಹಿಂಬದಿಯಲ್ಲಿ ವರದಿ ತಿದ್ದಿದ್ದೇನೆ. “ಬಾಗಿಲು ಹಾಕಿಸಿ, ಅವರು ಐವರಲ್ಲ, ಆರು ಜನ” ಎಂದು ಬರೆದಿದ್ದೇನೆ. ಎರಡು ಬಾಗಿಲಲ್ಲೂ ಈಗ ನಮ್ಮವರು ನಿಂತಿದ್ದಾರೆ. ನನ್ನ ಜತೆ ಯಾರೂ ಬರುವುದು ಬೇಡ, ನಾನೇ ವೇದಿಕೆ ಇಳಿದು ನಿನ್ನ ಹತ್ತಿರ ಬರುತ್ತೇನೆ.

ಕಾರ್ಯಕ್ರಮ ಏರ್ಪಡಿಸಿದವರಿಗೆ, ತಾಳ್ಮೆಯಿಂದ ಕೇಳಿದ ನಿಮಗೆ, ಮೊದಲ ಸಾಲಿನಲ್ಲಿ ಎದ್ದು ನಿಂತಿರುವ ತಾಯಿಗೆ ನನ್ನ ವಂದನೆ. ಚಹಾ ಕೊಟ್ಟವಳಿಗೆ ವಂದನೆ ಹೇಳುವುದನ್ನು ಭಾಷಣಕಾರರು ಸಾಮಾನ್ಯವಾಗಿ ಮರೆಯುತ್ತಾರೆ, ನಾನು ಮರೆಯುವುದಿಲ್ಲ. ಉಪ್ಪು ಹದವಾಗಿತ್ತು, ಅಕ್ಕಾ. ಬೇರೇನು ಬೆರೆಸಿದ್ದೆಯೋ ಗೊತ್ತಿಲ್ಲ, ಪೂರ್ತಿ ಕುಡಿದಿದ್ದೇನೆ.

ಎಲ್ಲರಿಗೂ ನಮಸ್ಕಾರ.