ಉಪ್ಪಿನ ದ್ವೀಪ ಬಿಟ್ಟುಹೋಗದವರ ಲೆಕ್ಕ

ಮಾನ್ಯ ಅಧ್ಯಕ್ಷರೇ, ಕನ್ಸೋಲ್ ಕಂಪನಿಯಿಂದ ದಯಮಾಡಿಸಿರುವ ಮುಖ್ಯ ಅತಿಥಿಗಳೇ, ನನ್ನ ಸಹೋದ್ಯೋಗಿಗಳೇ, ಇಷ್ಟು ದಿನ ನನ್ನ ಸಹೋದ್ಯೋಗಿಗಳ ಮುಖ ಕಾಣದೆ ತಾಳಿಕೊಂಡ ಅವರ ಮನೆಯವರೇ, ಮತ್ತು ಊಟ ಯಾವಾಗ ಎಂದು ಈಗಾಗಲೇ ಬಾಗಿಲ ಕಡೆ ನೋಡುತ್ತಿರುವ ಎಲ್ಲ ಸಭಿಕರೇ,

ನನಗೆ ಮಾತಾಡಿ ಅಭ್ಯಾಸವಿಲ್ಲ. ಹಾಗೆಂದು ಶುರುಮಾಡುವವರೇ ಮೈಕು ಬಿಡುವುದಿಲ್ಲ ಎಂಬುದೂ ನನಗೆ ಗೊತ್ತು. ಆದರೂ ಸ್ವಲ್ಪ ತಾಳ್ಮೆಯಿರಲಿ, ಏಕೆಂದರೆ ಇವತ್ತು ನಾನು ಇಲ್ಲಿ ಹೇಳಬೇಕಾದದ್ದು ಒಂದೇ ಒಂದು ಅಂಕಿ, ಮತ್ತು ಆ ಅಂಕಿ ಬಾಯಿಂದ ಹೊರಡುತ್ತಿಲ್ಲ.

ನಾನು ಈ ಸಂಸ್ಥೆಯ ಅಂದಾಜು ವಿಭಾಗದವಳು. ಒಂದು ವಿಡಿಯೋ ಆಟ ಮಾರುಕಟ್ಟೆಗೆ ಹೋಗುವ ಮೊದಲೇ ಅದು ಎಷ್ಟು ಮಾರಾಟವಾದೀತು, ಹಾಕಿದ ದುಡ್ಡು ಮರಳೀತೋ ಇಲ್ಲವೋ ಎಂದು ಹೇಳುವುದು ನನ್ನ ಕೆಲಸ. ವಿಭಾಗ ಎಂದ ತಕ್ಷಣ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ನಾನು, ನನ್ನ ಸಹಾಯಕಿ, ಮತ್ತು ಸದಾ ಕೆಟ್ಟಿರುವ ಒಂದು ಪ್ರಿಂಟರ್, ಇಷ್ಟೇ ನಮ್ಮ ವಿಭಾಗ.

ಮನೆಯವರಿಗಾಗಿ ನಮ್ಮ ಪದ್ಧತಿಯನ್ನು ಹೇಳಿಬಿಡುತ್ತೇನೆ. ಆಟ ಗೆದ್ದ ಮೇಲೆ "ನಾನು ಆಗಲೇ ಹೇಳಿದ್ದೆ" ಎನ್ನುವವರು, ಸೋತ ಮೇಲೆಯೂ "ನಾನು ಆಗಲೇ ಹೇಳಿದ್ದೆ" ಎನ್ನುವವರು, ಇವರಿಬ್ಬರ ಕಾಟ ತಡೆಯಲಾರದೆ ನಮ್ಮ ಅಧ್ಯಕ್ಷರು ಒಂದು ನಿಯಮ ಮಾಡಿದರು. ಡಿಸ್ಕ್ ಅಚ್ಚಿಗೆ ಹೋಗುವ ಮುನ್ನಾದಿನ ಹೀಗೆ ಎಲ್ಲರನ್ನೂ ಸೇರಿಸಬೇಕು. ಅಂದಾಜು ಮಾಡಿದವರು ವೇದಿಕೆ ಹತ್ತಿ, ಅಂಕಿಯನ್ನು ತಮ್ಮ ಬಾಯಿಂದಲೇ ಹೇಳಬೇಕು. ಹೇಳಿದಷ್ಟೇ ಡಿಸ್ಕ್ ಅಚ್ಚಾಗುತ್ತದೆ. ಅಂಗಡಿಗಳಲ್ಲಿ ಸಿಗುವ ಜಾಗ, ಮುಖ್ಯ ಅತಿಥಿಗಳ ಕಂಪನಿ ಮಾಡುವ ಪ್ರಚಾರ, ಎಲ್ಲವೂ ಅದನ್ನೇ ಅನುಸರಿಸುತ್ತದೆ. ಕಡಿಮೆ ಹೇಳಿದರೆ ಕಡಿಮೆಯೇ ಮಾರಾಟವಾಗುತ್ತದೆ. ಜಾಸ್ತಿ ಹೇಳಿ ಡಿಸ್ಕುಗಳು ವಾಪಸ್ ಬಂದರೆ ನಷ್ಟ ನಮ್ಮ ತಲೆಗೆ.

"ಉಪ್ಪಿನ ದ್ವೀಪ" ಎಂಬ ನಮ್ಮ ಆಟದ ಎರಡನೆಯ ಭಾಗದ ಅಂಕಿಯನ್ನು ಇವತ್ತು ನಾನು ಹೇಳಬೇಕು. ಅದನ್ನು ಕಟ್ಟಿದ ಮೂರನೇ ಮಹಡಿಯವರು ಎಡಗಡೆ ಕೂತಿದ್ದಾರೆ. ಈ ಆಟ ಕೈಕೊಟ್ಟರೆ ಮೂರನೇ ಮಹಡಿಯನ್ನು ಮುಚ್ಚಬೇಕಾಗುತ್ತದೆ ಎಂದು ಅಧ್ಯಕ್ಷರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಹಾಗಾಗಿ ಎಡಗಡೆ ಯಾರೂ ನಗುತ್ತಿಲ್ಲ. ನಾನೂ ಆ ಕಡೆ ಹೆಚ್ಚು ನೋಡುತ್ತಿಲ್ಲ.

ಅಂದಾಜು ಎಂದರೆ ಏನು? ಕವಡೆ ಹಾಕುವುದೇ? ಅಲ್ಲ. ನಮ್ಮ ಆಟ ಒಂದೇ ಕಂಪನಿಯ ಕನ್ಸೋಲಿನಲ್ಲಿ, ಅಂದರೆ ಟೀವಿಗೆ ಜೋಡಿಸುವ ಆಟದ ಪೆಟ್ಟಿಗೆಯಲ್ಲಿ, ಮಾತ್ರ ನಡೆಯುತ್ತದೆ. ಆ ಕನ್ಸೋಲ್ ಇಲ್ಲದ ಮನೆ ಎಷ್ಟೇ ದೊಡ್ಡದಿರಲಿ, ನಮ್ಮ ಪಾಲಿಗೆ ಅದು ಇಲ್ಲವೇ ಇಲ್ಲ. ಕನ್ಸೋಲ್ ಇರುವ ಮನೆಗಳು ನಲವತ್ತು ಲಕ್ಷ. ಅವುಗಳಲ್ಲಿ ಮೊದಲ ಭಾಗವನ್ನು ಕೊಂಡವು ಹನ್ನೆರಡು ಲಕ್ಷ. ಅಂಗಡಿಯವರ ಪಾಲು ಕಳೆಯಿರಿ, ಮುಖ್ಯ ಅತಿಥಿಗಳ ಕಂಪನಿಯ ಪಾಲು ಕಳೆಯಿರಿ, ಅದು ಸ್ವಲ್ಪ ಜಾಸ್ತಿಯೇ, ಇರಲಿ, ಅವರು ನಮ್ಮ ಅತಿಥಿಗಳು. ಉಳಿದದ್ದರಲ್ಲಿ ಆಟ ಕಟ್ಟಿದ ಖರ್ಚು ಹುಟ್ಟಬೇಕು.

ಎರಡನೆಯ ಭಾಗಕ್ಕೆ ನಮ್ಮ ಕಸುಬಿನಲ್ಲಿ ಒಂದು ಸೂತ್ರವಿದೆ. ಮೊದಲ ಭಾಗವನ್ನು ಎಷ್ಟು ಜನ ಕೊಂಡರು ಎಂದು ನೋಡಬಾರದು, ಎಷ್ಟು ಜನ ಮುಗಿಸಿದರು ಎಂದು ನೋಡಬೇಕು. ಮುಗಿಸಿದವರು ಮುಂದಿನದನ್ನು ಕೊಳ್ಳುತ್ತಾರೆ. ಅರ್ಧಕ್ಕೆ ಬಿಟ್ಟವರು ಕೊಳ್ಳುವುದಿಲ್ಲ. ಎಷ್ಟೋ ಆಟಗಳಿಗೆ ಈ ಸೂತ್ರ ಸರಿಹೋಗಿದೆ, ನನಗೆ ಬಡ್ತಿಯನ್ನೂ ಕೊಡಿಸಿದೆ.

ಈ ಆಟವನ್ನು ಮುಗಿಸಿದವರು ನಾಲ್ಕು ಲಕ್ಷ ಮಾತ್ರ. ಮಿಕ್ಕ ಎಂಟು ಲಕ್ಷ ಜನ ಒಂದೇ ಜಾಗದಲ್ಲಿ ನಿಂತಿದ್ದರು, ದ್ವೀಪದ ದೋಣಿಕಟ್ಟೆಯಲ್ಲಿ. ಆಡದವರಿಗಾಗಿ ಹೇಳುತ್ತೇನೆ. ನೀವು ಒಂದು ದ್ವೀಪಕ್ಕೆ ಬರುತ್ತೀರಿ, ಗುಡಿಸಲು ಕಟ್ಟುತ್ತೀರಿ, ಕಾಯಿಪಲ್ಯ ಬೆಳೆಯುತ್ತೀರಿ, ಅಲ್ಲಿಯವರ ಜಗಳ ಬಿಡಿಸುತ್ತೀರಿ. ಕೊನೆಗೆ ಒಂದು ದೋಣಿ ಬರುತ್ತದೆ. ಹತ್ತಿದರೆ ಆಚೆ ದಡ, ಅಲ್ಲಿಗೆ ಕಥೆ ಮುಗಿಯಿತು. ಹತ್ತುವ ಮೊದಲು ಪರದೆಯ ಮೇಲೆ ಒಂದು ಎಚ್ಚರಿಕೆ ಮೂಡುತ್ತದೆ: ಹತ್ತಿದರೆ ಮರಳಿ ಬರಲಾಗದು.

ಆ ಎಂಟು ಲಕ್ಷ ಜನರನ್ನು ನಮ್ಮ ವಿಭಾಗದಲ್ಲಿ "ಬಿಟ್ಟವರು" ಎಂದೇ ಕರೆಯುತ್ತಿದ್ದೆವು. ಬಿಟ್ಟವರನ್ನು ಕಳೆದು, ಹೊಸಬರನ್ನು ಕೂಡಿಸಿ, ಐದು ಲಕ್ಷ ಎಂದು ಅಧ್ಯಕ್ಷರಿಗೆ ಕೊಟ್ಟೆ. ಆಗ ಖರ್ಚು ಹುಟ್ಟಲು ಬೇಕಿದ್ದದ್ದು ಆರು ಲಕ್ಷ. ಅಧ್ಯಕ್ಷರು ನೋಡಿದರು, ಕನ್ನಡಕ ತೆಗೆದರು, "ಹಾಗಾದ್ರೆ ಅರ್ಧದಲ್ಲೇ ನಿಲ್ಲಿಸಿಬಿಡೋಣ, ಏನಂತೀರಿ?" ಎಂದರು. ಅನ್ನುವುದು ನನ್ನ ವಿಭಾಗದ ಕೆಲಸವಲ್ಲ ಎಂದುಕೊಂಡು ಹೊರಗೆ ಬಂದೆ.

ಆ ವಾರ ನನಗೆ ಜ್ವರ ಬಂತು. ಜ್ವರಕ್ಕೂ ಮಾರಾಟಕ್ಕೂ ಏನು ಸಂಬಂಧ ಎಂದು ಅಧ್ಯಕ್ಷರು ಹುಬ್ಬೇರಿಸುತ್ತಿದ್ದಾರೆ. ಸಂಬಂಧ ಇದೆ, ಹೇಳುತ್ತೇನೆ. ರಜೆ ಹಾಕಿ ಮನೆಯಲ್ಲಿ ಮಲಗಿದ್ದೆ. ಮಧ್ಯಾಹ್ನ ಹಜಾರದಿಂದ ನಮ್ಮ ಆಟದ ಸಂಗೀತ ಕೇಳಿಸಿತು. ಎದ್ದುಹೋಗಿ ನೋಡಿದರೆ ನಮ್ಮ ಅತ್ತೆ.

ನಮ್ಮ ಅತ್ತೆಯ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮಿಬ್ಬರದು ಎಣ್ಣೆ ಸೀಗೇಕಾಯಿ ಸಂಬಂಧವೇನಲ್ಲ. ಜಗಳವಾಡಲು ಸಲಿಗೆ ಬೇಕಲ್ಲ, ಅದೂ ಇರಲಿಲ್ಲ. ಮಾವ ಹೋದ ಮೇಲೆ ಅವರು ತಮ್ಮ ಊರಿನ ಪುಟ್ಟ ಮನೆಯಲ್ಲಿ ಒಬ್ಬರೇ ಇದ್ದರು, ಚೆನ್ನಾಗಿಯೇ ಇದ್ದರು. ಒಂದು ದಿನ ಬಚ್ಚಲಲ್ಲಿ ಜಾರಿದರು. ನನ್ನ ಗಂಡ ಹೋಗಿ "ಸ್ವಲ್ಪ ದಿನಕ್ಕೆ ಬಾಮ್ಮ" ಎಂದು ಕರೆದುಕೊಂಡು ಬಂದರು. ಬಂದ ಮೇಲೆ ನಾವಿಬ್ಬರೂ ಯೋಚಿಸಿ, ಖಾಲಿ ಮನೆ ಯಾಕೆ ಹಾಳುಬೀಳಬೇಕು ಎಂದು ಬಾಡಿಗೆಗೆ ಕೊಟ್ಟೆವು. ಯೋಚಿಸಿದ್ದು ನಾವಿಬ್ಬರು. ಅವರ ಸಾಮಾನು ಲಾರಿಯಲ್ಲಿ ಬಂದಾಗಲೇ ಅವರಿಗೆ ವಿಷಯ ತಿಳಿದದ್ದು. ಬೆಳಗ್ಗೆ ಎದ್ದು ಹೊದಿಕೆ ಮಡಿಸಿ ಕಾಲ ಬಳಿ ಇಡುವರು, ಛತ್ರದಲ್ಲಿ ತಂಗಿದವರ ಹಾಗೆ. ಫ್ರಿಜ್ ತೆಗೆಯುವ ಮೊದಲು ನನ್ನನ್ನು ಕೇಳುವರು. ಎಷ್ಟು ಕಾಲವಾದರೂ "ನಿಮ್ಮ ಮನೇಲಿ ಸಕ್ಕರೆ ಎಲ್ಲಿಡ್ತೀರಮ್ಮಾ?" ಎನ್ನುವರು. ಎಷ್ಟು ಸಭ್ಯರು ನೋಡಿ ಎಂದು ನಾನು ನೆಂಟರಿಗೆಲ್ಲ ಹೊಗಳಿಕೊಂಡು ತಿರುಗುತ್ತಿದ್ದೆ.

ಇದನ್ನೆಲ್ಲ ಇಲ್ಲಿ ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಬಂದುಬಿಟ್ಟಿತು. ಇರಲಿ.

ಆಟವನ್ನು ಅವರಿಗೆ ಕಲಿಸಿದ್ದು ನನ್ನ ಮಗಳು. ಅವತ್ತು ಅತ್ತೆ ಕಾಲು ಚಾಚಿ ಕೂತಿದ್ದರು. ನಮ್ಮ ಮನೆಯಲ್ಲಿ ಅವರು ಕಾಲು ಚಾಚಿ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಪರದೆಯ ಮೇಲೆ ಅವರ ಗುಡಿಸಲು, ಸುತ್ತ ಬೇಲಿ, ಬೇಲಿ ತುಂಬ ಹುರುಳಿಕಾಯಿ ಬಳ್ಳಿ. ಮೂರನೇ ಮಹಡಿಯವರೇ, ನೀವು ಕಟ್ಟಿದ ದ್ವೀಪದಲ್ಲಿ ಅಷ್ಟು ಒಪ್ಪವಾದ ಹಿತ್ತಲನ್ನು ನೀವೂ ನೋಡಿರಲಾರಿರಿ.

"ಅತ್ತೆ, ಇನ್ನೂ ಮುಗಿಸಿಲ್ವಾ ಇದನ್ನ?" ಎಂದೆ.

"ಮುಗಿಸೋಕೆ ಏನಿದೆಯಮ್ಮಾ? ಬಳ್ಳಿ ಈಗ ಹಬ್ಬಿದೆ."

"ದೋಣಿ ಹತ್ತಿ. ಕಥೆ ಮುಂದಕ್ಕೆ ಹೋಗುತ್ತೆ."

"ಹತ್ತಿದ್ರೆ ವಾಪಸ್ ಬರೋಕಾಗಲ್ಲ ಅಂತ ಅದೇ ಬರೆದಿದೆಯಲ್ಲ. ಓದಿಕೊಂಡೂ ಹೇಗೆ ಹತ್ತಲಿ?" ಎಂದವರು, ಬಳ್ಳಿಗೆ ನೀರು ಹಾಕುತ್ತಾ, "ಒಂದ್ಸಲ ಓದದೆ ಹತ್ತಿದ್ದಾಯ್ತಲ್ಲ" ಎಂದರು.

ಆ ಕೊನೆಯ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಲೆಯಲ್ಲಿ ಆಗಲೇ ಬೇರೊಂದು ಲೆಕ್ಕ ಓಡುತ್ತಿತ್ತು. ನಮ್ಮ ಪಟ್ಟಿಯ ಪ್ರಕಾರ ಈಕೆ ಬಿಟ್ಟವರು. ಆದರೆ ಈಕೆ ದಿನಾ ಆಡುತ್ತಿದ್ದಾರೆ! ಹೀಗೆ ಇನ್ನೆಷ್ಟು ಜನ?

ಯಾರು ಎಲ್ಲಿಯವರೆಗೆ ತಲುಪಿದರು ಎಂಬ ಲೆಕ್ಕ ನಮ್ಮ ವಿಭಾಗಕ್ಕೆ ಬರುತ್ತದೆ. ಯಾರು ಇನ್ನೂ ಆಡುತ್ತಿದ್ದಾರೆ ಎಂಬ ಲೆಕ್ಕ ಸರ್ವರ್ ವಿಭಾಗದಲ್ಲಿರುತ್ತದೆ. ಎರಡೂ ಕೋಣೆಗಳು ಎದುರುಬದುರು. ನಡುವಿನ ಏಸಿ ಯಾರ ಕಡೆಗೆ ತಿರುಗಿರಬೇಕು ಎಂಬ ವಿಷಯದಲ್ಲಿ ಮಾತು ಬೆಳೆದು, ನಮ್ಮ ಎರಡು ವಿಭಾಗಗಳ ನಡುವೆ ಮಾತುಕತೆ ನಿಂತುಹೋಗಿತ್ತು. ನಾವು ಕೇಳಿರಲಿಲ್ಲ, ಅವರು ಕೊಟ್ಟಿರಲಿಲ್ಲ. ಜ್ವರ ಬಿಡುವ ಮೊದಲೇ ಹೋಗಿ, ಏಸಿಯನ್ನು ಪೂರ್ತಿ ಅವರಿಗೇ ಬಿಟ್ಟುಕೊಟ್ಟು, ಲೆಕ್ಕ ಈಸಿಕೊಂಡೆ. ಬಿಟ್ಟವರು ಎಂದು ನಾವು ಬರೆದುಹಾಕಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇನ್ನೂ ದ್ವೀಪದಲ್ಲೇ ಇದ್ದರು. ಅವರು ಬಿಟ್ಟಿರಲಿಲ್ಲ. ಬಿಟ್ಟುಹೋಗಲು ಮನಸ್ಸಿಲ್ಲದೆ ನಿಂತಿದ್ದರು.

ಕುಣಿಯುತ್ತಾ ಮೂರನೇ ಮಹಡಿಗೆ ಹೋಗಿ ಲೆಕ್ಕವನ್ನೂ ಅತ್ತೆಯ ಮಾತನ್ನೂ ಹೇಳಿದೆ. ಅಲ್ಲಿಯ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತೇವೆ, ಹಿಂದೆ ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುತ್ತಿದ್ದವರು. ಅವರು ಖುಷಿಪಡಲಿಲ್ಲ. "ಎರಡನೇ ಭಾಗ ಶುರುವಾಗೋದೇ ಆಚೆ ದಡದಲ್ಲಿ. ದ್ವೀಪ ಅದರಲ್ಲಿ ಇಲ್ಲವೇ ಇಲ್ಲ. ಬಿಡೋಕೆ ಮನಸ್ಸಿಲ್ಲದವರು ಅದನ್ನ ಯಾಕೆ ಕೊಳ್ತಾರೆ?" ಎಂದರು. ನನ್ನ ಸಂತೋಷ ಠುಸ್ಸೆಂದಿತು. ಆಮೇಲೆ ಅವರು ಸುಮ್ಮನೆ ಕೇಳುವ ಹಾಗೆ, "ನಿಮ್ಮತ್ತೆ ಓದದೆ ಹತ್ತಿದ್ದು ಯಾವ ದೋಣಿ?" ಎಂದರು.

ಸಭಿಕರೇ, ಅವರು ಕೇಳಿದ್ದು ಆಟದ ದೋಣಿಯನ್ನಲ್ಲ. ಉತ್ತರ ನನಗೆ ಗೊತ್ತಿತ್ತು. ಆ ದೋಣಿಯ ಸಾಮಾನನ್ನು ಲಾರಿಯಿಂದ ಇಳಿಸಿಕೊಂಡವಳು ನಾನೇ. ಅವತ್ತು ಮೇಷ್ಟ್ರ ಮೇಜಿನ ಮುಂದೆ ನನಗೆ ಅಳು ಬಂತು. ಜ್ವರದಿಂದ ಕಣ್ಣಲ್ಲಿ ನೀರು ಎಂದು ಹೇಳಿದೆ. ಮೇಷ್ಟ್ರು ನಂಬಿದ ಹಾಗೆ ಮಾಡಿದರು.

ಮೇಷ್ಟ್ರು ಆಮೇಲೆ ಏನು ಮಾಡಿದರೆಂದು ನಿಮಗೆ ಗೊತ್ತು. ಎರಡನೆಯ ಭಾಗದಲ್ಲಿ ದೋಣಿ ಎರಡೂ ಕಡೆ ಓಡುತ್ತದೆ. ಹಳೆಯ ಗುಡಿಸಲು, ಹಳೆಯ ಬಳ್ಳಿ, ಎಲ್ಲ ಇದ್ದಲ್ಲೇ ಇರುತ್ತದೆ. ಆಚೆ ದಡಕ್ಕೆ ಹೋಗಬಹುದು, ಬೇಕೆನಿಸಿದಾಗ ಬರಬಹುದು. ಹೇಳಲು ಒಂದು ಸಾಲು, ಕಟ್ಟಲು ಮೂರನೇ ಮಹಡಿಯ ಬೆವರಿಳಿಯಿತು. ಕೆಲಸ ತಡವಾಯಿತು, ಖರ್ಚು ಏರಿತು. ಆರು ಲಕ್ಷಕ್ಕೆ ಹುಟ್ಟುತ್ತಿದ್ದ ದುಡ್ಡು ಈಗ ಎಂಟು ಲಕ್ಷ ಮಾರಿದರೆ ಹುಟ್ಟುತ್ತದೆ. ಅಧ್ಯಕ್ಷರು ಒಪ್ಪಿಗೆ ಕೊಡುವಾಗ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಹೋಗಲ್ಲ ಅಂತ ಪಟ್ಟುಹಿಡಿದು ಕೂತವರು, ವಾಪಸ್ ಬರಬಹುದು ಅಂದ ಮಾತ್ರಕ್ಕೆ ಹೊರಡ್ತಾರೆ ಅನ್ನೋಕೆ ಏನು ಆಧಾರ?"

ಆಧಾರ ನನ್ನಲ್ಲಿರಲಿಲ್ಲ. ಇಂಥ ಆಟ ಹಿಂದೆ ಯಾರೂ ಮಾಡಿಲ್ಲ. ಹಳೆಯ ಲೆಕ್ಕ ಇಲ್ಲದ ಕಡೆ ಸೂತ್ರ ಕೆಲಸ ಮಾಡುವುದಿಲ್ಲ. ಇವತ್ತು ಸಂಜೆಯವರೆಗೂ ನನ್ನ ತಲೆಯಲ್ಲಿ ಎರಡು ಅಂಕಿಗಳಿದ್ದವು. ಒಂದು ಏಳು ಲಕ್ಷ. ಅದನ್ನು ಹೇಳಿದರೆ ನಾಳೆ ನನ್ನನ್ನು ಯಾರೂ ಬೈಯುವಂತಿಲ್ಲ, ಆದರೆ ಮೂರನೇ ಮಹಡಿಗೆ ಇವತ್ತೇ ಬೀಗ ಬಿದ್ದ ಹಾಗೆ. ಇನ್ನೊಂದು ಅದಕ್ಕಿಂತ ದೊಡ್ಡದು.

ಮನೆಯಲ್ಲೂ ಒಂದು ಕೆಲಸ ನಡೆದಿತ್ತು. ಮೇಷ್ಟ್ರ ಪ್ರಶ್ನೆಯನ್ನು ಗಂಡನಿಗೆ ಹೇಳಿದಾಗ ಅವರು ಊಟ ಅರ್ಧಕ್ಕೆ ನಿಲ್ಲಿಸಿ ಎದ್ದರು. ಮರುದಿನ ಬಾಡಿಗೆಯವರಿಗೆ ಫೋನು ಮಾಡಿದರು. ಅವರು ಕರಾರಿನ ಅವಧಿ ಮುಗಿಸಿ ಕಳೆದ ವಾರ ಮನೆ ಬಿಟ್ಟರು. ಬೀಗದ ಕೈಯನ್ನು ಅತ್ತೆಯ ಕೈಗೆ ಕೊಟ್ಟು, "ಅಲ್ಲಾದ್ರೂ ಇರಿ, ಇಲ್ಲಾದ್ರೂ ಇರಿ, ನಿಮ್ಮಿಷ್ಟ. ನಿಮ್ಮನ್ನ ಕೇಳದೆ ಮಾಡಿದ್ದು ತಪ್ಪಾಯ್ತು" ಎಂದೆವು. ಅತ್ತೆ ಬೀಗದ ಕೈ ನೋಡಿದರು, ಸೊಂಟಕ್ಕೆ ಸಿಕ್ಕಿಸಿಕೊಂಡರು, "ಬಚ್ಚಲಿಗೆ ಹಿಡಿಕೆ ಹಾಕಿಸಬೇಕು" ಎಂದರು, ಅಷ್ಟೇ. ನಾಳೆ ಬೆಳಗಿನ ಬಸ್ಸಿಗೆ ಹೊರಟಿದ್ದಾರೆ. ಅದಕ್ಕೇ ಇಲ್ಲಿಗೆ ಬಂದಿಲ್ಲ, ಬಟ್ಟೆ ಜೋಡಿಸಿಕೊಳ್ಳುತ್ತಿದ್ದಾರೆ.

ನಿಜ ಹೇಳಲೇ? ನನಗೆ ಸಂಕಟವಾಯಿತು. ಕಳುಹಿಸುವುದು ನ್ಯಾಯ ಎಂದು ನನಗೆ ಗೊತ್ತು. ಆದರೆ ಹೋದವರು ಮತ್ತೆ ಯಾಕೆ ಬರುತ್ತಾರೆ? ನಾವೇನು ಅವರಿಗೆ ಬರಬೇಕೆನಿಸುವಂಥದ್ದು ಮಾಡಿದ್ದೇವೆ? ಇವತ್ತು ಸಂಜೆ ಇಲ್ಲಿಗೆ ಹೊರಡುವಾಗ ಅವರ ಕೋಣೆಯ ಬಾಗಿಲಲ್ಲಿ ನಿಂತೆ. ಮಂಚದ ಮೇಲೆ ಚೀಲ. ಏನು ಮಾತಾಡಬೇಕೋ ತೋಚದೆ, "ಅತ್ತೆ, ಇವತ್ತು ಅಂಕಿ ಹೇಳಬೇಕು. ಮುಂದಿನ ತಿಂಗಳು ಆಟ ಬರುತ್ತೆ, ಅಷ್ಟರಲ್ಲಿ ನೀವೇ ಇರಲ್ಲ" ಎಂದೆ.

ಅವರು ಸೀರೆ ಮಡಿಸುತ್ತಾ, ತಲೆಯೆತ್ತದೆ ಹೇಳಿದರು: "ಬಂದಾಗ ನಂದೊಂದು ತೆಗೆದಿಟ್ಟಿರು. ವಾಪಸ್ ಬಂದು ಆಡ್ತೀನಿ."

ಅಧ್ಯಕ್ಷರೇ, ನೀವು ಆಧಾರ ಕೇಳಿದ್ದಿರಿ. ನನ್ನ ಹತ್ತಿರ ಇರುವುದು ಇದೊಂದೇ. ನನ್ನ ವೃತ್ತಿಯಲ್ಲಿ ಇದು ಆಧಾರವೇ ಅಲ್ಲ, ನನ್ನ ಸಹಾಯಕಿ ತಲೆ ಚಚ್ಚಿಕೊಳ್ಳುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. ಆದರೂ ಈ ಅಂಕಿಯನ್ನು ಪೂರ್ತಿ ಮನಸ್ಸಿನಿಂದ ಹೇಳುತ್ತಿದ್ದೇನೆ. ಮುಖ್ಯ ಅತಿಥಿಗಳು ದಯವಿಟ್ಟು ಬರೆದುಕೊಳ್ಳಬೇಕು. ಎಡಗಡೆಯವರೇ, ಈಗ ನಿಮ್ಮ ಕಡೆಗೇ ನೋಡಿ ಹೇಳುತ್ತಿದ್ದೇನೆ.

ಒಂಬತ್ತು ಲಕ್ಷ.

ಅದರಲ್ಲಿ ಒಂದನ್ನು ನಾನೇ ಅಂಗಡಿಗೆ ಹೋಗಿ ಕೊಂಡು, ನಮ್ಮ ಮನೆಯಲ್ಲಿ ತೆಗೆದಿಡಬೇಕು. ಅವರು ಯಾವಾಗ ಬರುತ್ತಾರೆಂದು ಅಂದಾಜು ಮಾಡಲು ಹೋಗುವುದಿಲ್ಲ. ಕಾಯುತ್ತೇನೆ.

ಇಷ್ಟು ಹೊತ್ತು ಊಟ ಮರೆತು ಕೇಳಿದ್ದಕ್ಕೆ ನಿಮಗೆಲ್ಲ ಕೃತಜ್ಞಳು. ನಮಸ್ಕಾರ.