ಅಳಿಯನಿಗೆ ಉಂಗುರ

ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ತಾಯಿ, ಮಗಳು ನಿಂತಿದ್ದರು. ಮಗಳ ಎಡಗೆನ್ನೆಯ ಮೇಲೆ ಹೊಲಿಗೆಯ ಗುರುತಿತ್ತು. ತಾಯಿಯ ಫೋನಿನಲ್ಲಿ ವಜ್ರದ ಉಂಗುರವೊಂದು ತಿರುಗುತ್ತಿತ್ತು.

“ನಿನ್ ತಂಗೀನ ಮಾಡ್ಕೊಳೋ ಹುಡುಗನಿಗೆ. ಹೆಂಗೆ ಹೊಳೀತೈತೆ ನೋಡು, ನಯನಾ.”

“ಅದು ಅಂಗಡಿಯವರ ಲೈಟಿನ ಹೊಳಪು ಕಣಮ್ಮ. ಕಲ್ಲಿನ ಕಟ್ ಸರಿ ಇಲ್ದಿದ್ರೆ ಬೆಳಕೆಲ್ಲ ತಳದಲ್ಲೇ ಸೋರಿಹೋಗುತ್ತೆ. ಅದರ ಸರ್ಟಿಫಿಕೇಟ್ ತೆಗಿ, ನೋಡೋಣ.”

“ಇದೆಲ್ಲ ಎಲ್ಲಿ ಕಲ್ತೆ?”

“ನನ್ನ ನಿಶ್ಚಿತಾರ್ಥಕ್ಕೆ ಅಪ್ಪ ಮೂರು ವಾರ ವಜ್ರದ ಉಂಗುರಾನೇ ನೋಡ್ತಾ ಕೂತಿದ್ರಲ್ಲ. ಆಗ ಹುಡುಗನ್ನ ಎಷ್ಟೊತ್ತು ನೋಡಿದ್ರಿ?”

ತಾಯಿ ರಸ್ತೆಯ ಕಡೆ ನೋಡಿದರು.

“ಉಪ್ಪಿಟ್ಟು ತಿಂದು ಎದ್ವಿ.”

ಮತ್ತೆ ಫೋನಿನ ಕಡೆ ತಿರುಗಿ ಅವರೇ ಕೇಳಿದರು.

“ಹಂಗಾದ್ರೆ ಯಾವ ಕಲ್ಲು ತಗೊಳ್ಳೋಣ?”

“ಕಲ್ಲೇ ಬೇಡ. ಬರೀ ಚಿನ್ನದ್ದು ಹಾಕಿ. ಹೊಡೆದಾಗ ಕೆನ್ನೆ ಕುಯ್ಯಲ್ಲ.”

ಯಲಹಂಕದ ಬಸ್ ಬಂತು. ಇಬ್ಬರೂ ಹತ್ತಿಕೊಂಡರು.