ಆರ್. ಮುನಿಲಕ್ಷ್ಮಿಗೆ, ಮಸ್ಕತ್ತಿನಿಂದ

ಇಲ್ಲಕ್ಕಾ, ಪೋಲಿಯೋ ಡ್ರಾಪ್ಸ್ ಹಾಕೋಳಲ್ಲ ನಾನು. ಹೆಂಗಸರಿಗೆ ಸಾಲ ಕೊಡೋ ಮಗಳಿರ್ ಸಂಘದೋಳೂ ಅಲ್ಲ. ಈ ಬ್ಯಾಗಲ್ಲಿ ಫಾರಂ ಗೀರಂ ಏನೂ ಇಲ್ಲ, ನೋಡಿ ಬೇಕಾದ್ರೆ... ಹೆಸರಾ? ಹೇಳಿದ್ನಲ್ಲ, ಮುನಿಲಕ್ಷ್ಮಿ. ಅಯ್ಯೋ, ನಿಮ್ಮ ಹೆಸರು ಕೇಳ್ತಿಲ್ಲಕ್ಕಾ, ನನ್ನ ಹೆಸರು ಹೇಳ್ತಿದ್ದೀನಿ! ಯಾಕೆ ನಗ್ತೀರಾ? ಆಣೆಗೂ ಅದೇ. ಆರ್. ಮುನಿಲಕ್ಷ್ಮಿ. ನಮ್ಮಪ್ಪ ರಂಗಪ್ಪ, ಸೇಲಂ ಜಂಕ್ಷನ್ನಲ್ಲಿ ಪಾರ್ಸಲ್ ಕ್ಲರ್ಕು. ನಿಮ್ಮಪ್ಪ ರಾಮಪ್ಪ. ಮದುವೆಗೆ ಮುಂಚೆ ನೀವೂ ಆರ್. ಮುನಿಲಕ್ಷ್ಮಿನೇ, ಅಲ್ವಾ?

ಯಾರು ಹೇಳಿದ್ರು ಅಂದ್ರೆ... ಹೇಳ್ತೀನಿ. ನೀವು ಕಡ್ಲೆಕಾಯಿ ಬಿಡಿಸ್ತಾ ಇರಿ. ಕೊಡಿ, ನಾನೂ ಬಿಡಿಸ್ತೀನಿ. ಟೈಮ್ ಎಷ್ಟಕ್ಕಾ? ತೊಪ್ಪೂರು ಘಾಟಲ್ಲಿ ಲಾರಿ ಅಡ್ಡ ಬಿದ್ದು ಬಸ್ಸು ನಿಂತೋಯ್ತು, ನಲ್ಲಂಪಳ್ಳಿಲಿ ಇಳಿದು ಓಡ್ತಾನೇ ಬಂದೆ. ಒಂದು ಗಂಟೆನಾ? ಐತೆ. ಇನ್ನೂ ಟೈಮ್ ಐತೆ.

ಸ್ಕೂಲಲ್ಲಿ ಈ ಹೆಸರಿಗೆ ನಾನು ಪಟ್ಟಿದ್ದು ಅಷ್ಟಿಷ್ಟಲ್ಲಕ್ಕಾ. ಇಂಗ್ಲಿಷ್ ಮೀಡಿಯಂ. ಎಲ್ಲಾ ಪ್ರಿಯಾ, ದಿವ್ಯಾ. ನಾನು ಕ್ಲಾಸಿಗೆ ಬಂದ್ರೆ ಸಾಕು, 'ಏಯ್, ಮುನಿ ವರುದುಡೀ, ವೇಪ್ಪಿಲೆ ಎಡುಡೀ!' ದೆವ್ವ ಬಂತು, ಬೇವಿನಸೊಪ್ಪು ತನ್ನಿ ಅಂತ! ನೀವು ನಗಿ, ಪರವಾಗಿಲ್ಲ. ನಿಮಗೆ ನಗೋ ಹಕ್ಕೈತೆ. ಅದಕ್ಕೇ ಬ್ರೌಸಿಂಗ್ ಸೆಂಟರಲ್ಲಿ ನನ್ನ ಹೆಸರಿಗೆ ಮೇಲ್ ವಿಳಾಸ ಕೇಳಿದ ತಕ್ಷಣ ಸಿಕ್ತು. ಪ್ರಿಯಾಗಳಿಗೆ ಹೆಸರಿನ ಹಿಂದೆ ನಂಬರ್ ಹಾಕ್ಕೋ ಅಂತು ಕಂಪ್ಯೂಟರು. ನನಗೆ ಬರೀ ಆರ್. ಮುನಿಲಕ್ಷ್ಮಿ. ಲೋಕದಲ್ಲೇ ನಾನೊಬ್ಳೇ ಅಂದ್ಕೊಂಡೆ.

ಮೇಲ್ ಅಂದ್ರೆ... ಗೊತ್ತಾ? ನಿಮಗೂ ಐತಾ! ಧರ್ಮಪುರಿಲಿ, ಈಶ್ವರನ್ ಅಂಗಡಿಲಿ, ನಿಮ್ಮೆಜಮಾನ್ರು ಮಾಡಿಸಿಕೊಟ್ರಾ? ಏನಂತ ಹೆಸರು ಕೊಟ್ರಿ?... ರೇಷನ್ ಕಾರ್ಡಲ್ಲಿರೋ ಹಂಗೆ. ತಿಮ್ಮರಾಜು ಹೆಂಡ್ತಿ, ಟಿ. ಮುನಿಲಕ್ಷ್ಮಿ. ಅದೇ ಅಕ್ಕಾ, ಅದೇ! ಗಂಡನ ಮನೆಗೆ ಬಂದ್ಮೇಲೆ ಇನಿಷಿಯಲ್ ಬದಲಾಯಿಸ್ಕೊಂಡ್ರಿ, ಎಲ್ರೂ ಬದಲಾಯಿಸ್ಕೊಳ್ತಾರೆ. ಆದ್ರೆ ಮಸ್ಕತ್ತಲ್ಲಿರೋ ನಿಮ್ಮಣ್ಣನಿಗೆ ನೀವು ಇನ್ನೂ ರಾಮಪ್ಪನ ಮಗಳೇ. ಆರ್ ಹಾಕಿ ಕಳಿಸಿದ್ರು. ಆ ಆರ್ ನಾನು.

ಹೂಂ, ಪುಟ್ಟಪ್ಪಣ್ಣನೇ. ಬರೀತಿದ್ರು ಅಕ್ಕಾ! ಐದು ತಿಂಗಳಿಂದ ಬರೀತಾನೇ ಇದ್ರು. ನಿಮ್ಮೂರು, ನಿಮ್ಮಪ್ಪನ ಹೆಸರು ಎಲ್ಲಾ ಅದ್ರಿಂದಲೇ ಗೊತ್ತಾಗಿದ್ದು.

ಮೂರು ಸಲ ಹೋಗಿ ನೋಡಿಸಿದ್ರಾ... ಖಾಲಿ ಪೆಟ್ಟಿಗೆ ಅಂದ್ರಾ ಈಶ್ವರನ್... ಹಂಗಂದ್ಕೊಂಡು ನಿಮ್ಮಣ್ಣನ್ನ ಬೈಬೇಡಿ. ದಮ್ಮಯ್ಯ, ಬೈಬೇಡಿ. ನೀವು ಹಾಕಿದ ಕಾಗದ ವಾಪಸ್ ಬಂತಾ? ಅವ್ರ ಕೆಲಸದ ಕ್ಯಾಂಪು ಬದಲಾಯ್ತು, ಅದಕ್ಕೇ. ಹೊಸ ಫೋನ್ ನಂಬರೂ ಬರೆದವ್ರೆ, ಇಲ್ಲೈತೆ ನೋಡಿ. ಮರೆಯೋ ಮನುಷ್ಯ ಅಲ್ಲ ಅವ್ರು.

ನನಗೆ ಹೆಂಗ್ ಗೊತ್ತಾಗತ್ತಾ? ಅಲ್ಲ... ಓದಿದ್ರೆ ಗೊತ್ತಾಗತ್ತಲ್ಲಕ್ಕಾ.

ನಾನು ಪೆಟ್ಟಿಗೆ ತೆಗೆದಿದ್ದೇ ಮೊನ್ನೆ ಭಾನುವಾರ. ಕಾಲೇಜು, ಪರೀಕ್ಷೆ, ಅಲ್ಲಿ ಇಲ್ಲಿ... ತೆಗೆದೇ ಇರ್ಲಿಲ್ಲ. ತೆಗೆದ್ರೆ ಒಂಬತ್ತು ಮೇಲು! ತಬ್ಬಿಬ್ಬಾಗೋಯ್ತು. ತಕ್ಷಣ ಓಡಿಬಂದೆ. ಭಾನುವಾರದಿಂದ ಗುರುವಾರ ತಕ್ಷಣನಾ ಅಂತೀರಾ... ಮನೇಲಿ ಸುಳ್ಳು ಹೇಳಿ ಬರ್ಬೇಕಲ್ಲಕ್ಕಾ. ನಾನು ಒಬ್ಳೇ ಬಸ್ಸು ಹತ್ತಿದ್ದೇ ಇವತ್ತು.

ಕೇಳಿ. ಇವತ್ತು ಸಂಜೆ ಅವ್ರ ಕಂಪನಿಲಿ ಸಹಿ ತಗೋತಾರೆ. ಇನ್ನೂ ಎರಡು ವರ್ಷ ಇರ್ತೀನಿ ಅಂತ. ಹಾಕಿದ್ರೆ ಎರಡು ವರ್ಷ ಬಿಡಲ್ಲ, ಪಾಸ್‌ಪೋರ್ಟ್ ಕಂಪನಿ ಬೀರುವಲ್ಲಿ. ಹಾಕಲಿಲ್ಲ ಅಂದ್ರೆ ಈ ಭಾನುವಾರದ ಪ್ಲೇನಿಗೇ ಕಳಿಸ್ತಾರೆ. 'ಅವ್ವ ನಿಜವಾಗ್ಲೂ ಚೆನ್ನಾಗವ್ಳಾ ಹೇಳು, ಚೆನ್ನಾಗಿದ್ರೆ ಸಹಿ ಹಾಕ್ತೀನಿ' ಅಂತ ಕೇಳವ್ರೆ. ನಾನೇನು ಹೇಳ್ಲಿ? ಅದಕ್ಕೇ ಕಣ್ಣಾರೆ ನೋಡೋಣ ಅಂತ ಬಂದೆ. ನಿಮ್ಮವ್ವ ಗೋವಿಂದಮ್ಮನೋರು ಹೊಲಕ್ಕೆ ಹೋಗಿರ್ತಾರೆ, ನೋಡಿ ಕೈಮುಗಿದು ಹೋಗೋಣ ಅಂತ...

ಒಳಗೆ ಮಂಚದ ಮೇಲೆ... ಅವ್ರೇನಾ?

ಆಡಿ ತಿಂಗಳಿಂದಾನಾ? ಆಷಾಢದಿಂದಾ?

ಗಂಜಿನೂ ಇಳೀತಿಲ್ವಾ... ಡಾಕ್ಟ್ರು ಮನೆಗೆ ಕರ್ಕೊಂಡು ಹೋಗಿ ಅಂದುಬಿಟ್ರಾ... ಬಸ್ಸಿನ ಹಾರನ್ ಕೇಳಿದಾಗೆಲ್ಲ 'ಪುಟ್ಟ ಬಂದ್ನಾ' ಅಂತಾರಾ... ಅಕ್ಕಾ, ನನಗೆ ಗೊತ್ತಿರ್ಲಿಲ್ಲ! ಆಣೆಗೂ ಗೊತ್ತಿರ್ಲಿಲ್ಲ! ನಾನು... ಯಾರೂ ಹೇಳಿರ್ಲಿಲ್ಲ ನನಗೆ...

ಅಳ್ತಿಲ್ಲ. ಕಡ್ಲೆಕಾಯಿ ಧೂಳು. ಏಳಿ ಅಕ್ಕಾ, ನಲ್ಲಂಪಳ್ಳಿ ಫೋನ್ ಬೂತಿಗೆ ಹೋಗೋಣ. ಊಟದ ಬಿಡುವಲ್ಲಿ ಮಾತ್ರ ಅವ್ರು ಫೋನ್ ಹತ್ರ ಬರ್ತಾರೆ. ಅಲ್ಲಿ ಟೈಮು ನಮಗಿಂತ ಒಂದೂವರೆ ಗಂಟೆ ಹಿಂದೆ, ಈಗ ಹೊರಟ್ರೆ ಸಿಕ್ತಾರೆ. ನಾನೇ ಮಾಡ್ಬೋದಿತ್ತಾ? ಮಾಡಿದ್ದೆ. ನಿನ್ನೆ. 'ಹಲೋ, ಯಾರು?' ಅಂದ್ರು. 'ಹಲೋ, ಹಲೋ' ಅಂದ್ರು. ಇಟ್ಬಿಟ್ಟೆ. ಕ್ಲಾಸಲ್ಲಿ ಹಾಜರಿ ಕೂಗಿದ್ರೇ ನನ್ನ ದನಿ ಎದ್ದು ಬರಲ್ಲಕ್ಕಾ... ನಿಮ್ಮ ದನಿನೇ ಬೇಕು ಅವ್ರಿಗೆ.

ಓದಿ ಹೇಳ್ಬೇಕಾ? ಟೈಮಿಲ್ಲಕ್ಕಾ, ದಾರೀಲಿ... ನಂಬಿಕೆ ಬರ್ತಿಲ್ವಾ? ನಿಜ, ಯಾರೋ ಗೊತ್ತಿಲ್ಲದ ಹುಡುಗಿ ಬಂದು... ಸರಿ. ಒಂದೇ ಒಂದು. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತು ಬರೆಸವ್ರೆ, ಕ್ಯಾಂಪಿನ ಟೈಪಿಸ್ಟ್ ಕೈಲಿ. ಕೇಳಿ. 'ಮುನೀ, ಉಂಡಾ? ಇಲ್ಲಿ ಬಿಸ್ಲು ಚರ್ಮ ಸುಲಿತೈತೆ. ಕ್ರೇನ್ ಮ್ಯಾಲೆ ಕುಂತ್ರೆ ಸಮುದ್ರ ಕಾಣ್ತೈತೆ. ಭಾವನಿಗೆ ಕೇಳ್ದೆ ಅಂತ ಹೇಳು. ಕರೀ ಹಸ ಹೆಣ್ಗರ ಹಾಕೈತೆ ಅಂತ ಕೇಳಿ ಸಂತೋಸ ಆಯ್ತು. ಅವ್ವ ಬೆಳಗ್ಗೆದ್ದು ಹೊಲಕ್ಕೆ ಓಗ್ತಾವ್ಳೆ ಅಂತ ನೀ ಬರ್ದಿದ್ದು ಓದಿದ್ಮ್ಯಾಕೆ ನಿದ್ದೆ...'

ತಪ್ಪು ಕಾಗದ. ಇದಲ್ಲ. ಇನ್ನೊಂದು ಐತೆ, ಅದು ಓದ್ತೀನಿ...

ಯಾಕಕ್ಕಾ ಕೈ ನಿಲ್ಸಿದ್ರಿ?

ಹಂಗ್ ನೋಡ್ಬೇಡಿ. ಏನಾದ್ರೂ ಕೇಳಿ. ನಮ್ಮಲ್ಲಿ ಯಾವ ಕರೀ ಹಸು ಐತೆ ಅಂತ ಕೇಳಿ. ಬೈರಿ. ಹೊಡೀರಿ ಬೇಕಾದ್ರೆ. ಯಾರು ಬರೆದಿದ್ದು ಅಂತಾದ್ರೂ ಕೇಳಿ ಅಕ್ಕಾ!

...ನಾನೇ. ನಾನೇ ಬರೆದೆ. ಹಸು ಇಲ್ಲ, ಕರು ಇಲ್ಲ, ಎಲ್ಲಾ ನಾನು ಕಟ್ಟಿದ್ದು. ಭಾನುವಾರ ಅಲ್ಲ, ಮೊದಲನೇ ದಿನವೇ ಓದಿದ್ದೆ. 'ಇದು ತಪ್ಪು ವಿಳಾಸ' ಅಂತ ಟೈಪ್ ಕೂಡ ಮಾಡಿದ್ದೆ, ಇಂಗ್ಲಿಷಲ್ಲಿ, ನೀಟಾಗಿ. ಆಮೇಲೆ ಆ ಮೊದಲ ಸಾಲು ಮತ್ತೆ ಓದಿದೆ. 'ಮುನೀ, ಉಂಡಾ?' ನಮ್ಮನೇಲಿ ಮಾರ್ಕ್ಸ್ ಎಷ್ಟು ಅಂತ ಕೇಳ್ತಾರೆ ಅಕ್ಕಾ. ಈ ಹೆಸರನ್ನ ಯಾರೂ ಅಷ್ಟು ಚೆನ್ನಾಗಿ ಕರೆದಿರ್ಲಿಲ್ಲ. ಟೈಪ್ ಮಾಡಿದ್ದನ್ನ ಅಳಿಸಿ 'ಉಂಡೆ ಅಣ್ಣಾ' ಅಂತ ಹಾಕಿದೆ. ಒಂದೇ ಸಲ ಅಂತ. ಅವ್ರು ಮತ್ತೆ ಬರೆದ್ರು. ಅವ್ವ ಹೆಂಗವ್ಳೆ ಅಂದ್ರು. ಚೆನ್ನಾಗವ್ಳೆ ಅಂದೆ. ಯಾರದೋ ಅವ್ವ ಚೆನ್ನಾಗಿರ್ಲಿ ಅನ್ನೋದು ಅಂಥಾ ಸುಳ್ಳಾ ಅಂತ... ಯಾರಿಗೂ ಕೆಟ್ಟದ್ದಾಗಲ್ಲ ಅಂತ...

ತಗೊಳ್ಳಿ. ಹೂಂ, ಇದೇ ನಂಬರು. ಮೊದಲು ಸೊನ್ನೆ ಸೊನ್ನೆ ಒತ್ತಬೇಕು, ಬೂತಿನೋರು ಒತ್ತಿಕೊಡ್ತಾರೆ. ನಾನು ಬರ್ಲಾ?... ಬೇಡ. ಸರಿ. ನಾನು ನಿಮ್ಮವ್ವನ ಹತ್ರ... ಅದೂ ಬೇಡ. ಸರಿ ಅಕ್ಕಾ. ಹೊರಗೇ ಇರ್ತೀನಿ, ಇಲ್ಲೇ ಬಿಸಿಲಲ್ಲಿ ನಿಂತಿರ್ತೀನಿ. ನೀವು ಹೋಗಿ. ಅಲ್ಲಿ ಊಟದ ಹೊತ್ತಾಗ್ತಾ ಐತೆ.

ಯಾಕೆ ನಿಂತ್ರಿ?

ಹೋಗಿ ಅಕ್ಕಾ, ಹೊತ್ತಾಯ್ತು... ಇನ್ನೇನೂ ಇಲ್ಲ. ಎಲ್ಲಾ ಹೇಳಿದೆ. ಒಂಬತ್ತು ಮೇಲೂ ಬ್ಯಾಗಲ್ಲೈತೆ, ಓದಿಸ್ಕೊಳ್ಳಿ.

ಎಂಟು. ಎಂಟೇ ತಂದೆ. ಒಂದು... ಒಂದು ಹರಿದುಹಾಕ್ದೆ.

ತಿರುಗಿ ನೋಡ್ಬೇಡಿ, ಹಂಗೇ ನಿಂತ್ಕೊಳ್ಳಿ, ಹೇಳ್ತೀನಿ. ಆಡಿಲಿ ಬಂದಿದ್ದು. 'ಕೆಟ್ಟ ಕನಸು ಬಿತ್ತು ಮುನೀ. ಅವ್ವ ಬಾಗ್ಲಲ್ಲಿ ಕುಂತು ಕರೆದಂಗಾಯ್ತು. ಲೀವು ಕೇಳಿವ್ನಿ, ಕೊಡ್ತಾರೆ. ಬಂದ್ಬಿಡ್ಲಾ?' ಅಂತ. ಬೇಡಣ್ಣಾ, ಕನಸಿಗೆಲ್ಲ ದುಡ್ಡು ಹಾಳು ಮಾಡ್ಬೇಡ, ಪೊಂಗಲ್‌ಗೆ ಬಾ ಅಂತ ಬರೆದೆ. ಕಾಯಿಲೆ ನಂಗೆ ಗೊತ್ತಿರ್ಲಿಲ್ಲ, ಅದು ನಿಜ. ಆದ್ರೆ ಗೊತ್ತಿಲ್ಲದೆ ಬರೆದಿದ್ದಲ್ಲಕ್ಕಾ. ಅವ್ರು ಬಂದ್ರೆ ನೀವು ಅಣ್ಣ ತಂಗಿ ಈ ಜಗಲಿ ಮೇಲೆ ಕೂತು ಮಾತಾಡ್ತಿದ್ರಿ. ನನಗೆ ಕಾಗದ ನಿಂತೋಗ್ತಿತ್ತು.

ಅಷ್ಟಕ್ಕೇ ಅಕ್ಕಾ. ಬರಬೇಡ ಅಂದಿದ್ದು ಅಷ್ಟಕ್ಕೇ.